ನಾಲ್ಕನೆಯ ಊರು

ಮಿಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನು ಪ್ರತಿ ಶುಕ್ರವಾರ ಮಾಂಸ ಕಾಣುವಷ್ಟು ಕತ್ತರಿಸುತ್ತಿದ್ದರು, ಆದರೂ ಅವುಗಳ ಅಂಚಿನಲ್ಲಿ ಗ್ರೀಸಿನ ಕಪ್ಪು ಇದ್ದೇ ಇರುತ್ತಿತ್ತು. ಈ ಒಂದನ್ನು ಮಾತ್ರ ಸಾಬೂನು ಹಚ್ಚಿ ತೊಳೆದು, ಅಂಚನ್ನು ನಯವಾಗಿ ಉಜ್ಜಿ, ಮದುಮಗಳ ಉಗುರಿನಂತೆ ಜೋಪಾನ ಮಾಡಿದ್ದರು. ಇಂಜಿನ್ನಿನ ಸಿಲಿಂಡರನ್ನು ಕೊರೆದು ನುಣುಪು ಮಾಡಿದ ಮೇಲೆ ಕಣ್ಣು ಮುಚ್ಚಿಕೊಂಡು ಅದರ ಒಳಗೋಡೆಯ ಸುತ್ತ ಆ ಉಗುರನ್ನು ಆಡಿಸುತ್ತಿದ್ದರು. ಉಗುರು ಎಲ್ಲಿಯೂ ತಡೆಯದೆ ಸುತ್ತು ಬಂದರೆ ಕೆಲಸ ಮುಗಿಯಿತು. ಕೂದಲೆಳೆಯಷ್ಟು ಗೆರೆ ಇದ್ದರೂ ಅದು ತಡೆಯುತ್ತಿತ್ತು, ಆಗ ಮತ್ತೆ ಮೊದಲಿನಿಂದ ಶುರು. ಅಳೆಯುವ ಗೇಜು ಅಂಗಡಿಯಲ್ಲಿ ಇರಲಿಲ್ಲವೆಂದಲ್ಲ. ಗಾಜಿನ ಕಪಾಟಿನಲ್ಲಿ ಇತ್ತು, ಗಿರಾಕಿಗಳ ಸಮಾಧಾನಕ್ಕೆ.

ಶಹಾಬಾದಿನಲ್ಲಿ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲುಚಪ್ಪಡಿ, ಕೊರೆದು ಪಾಲಿಶ್ ಮಾಡುವ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಅವರ ಅಂಗಡಿ. ಎದುರಿಗೆ ಕೂರಲು ಎರಡು ಇಟ್ಟಿಗೆ ಕಂಬಗಳ ಮೇಲೆ ಮಲಗಿಸಿದ ಒಂದು ಪರ್ಸಿ. ಕಲ್ಲಿನ ಪುಡಿ ಹಾರಿ ಬಂದು ಬೇವಿನ ಎಲೆ, ಸೈನ್‌ಬೋರ್ಡು, ಚಹಾದ ಕೆಟಲಿ ಎಲ್ಲದರ ಮೇಲೂ ತೆಳ್ಳಗೆ ಕೂತಿರುತ್ತಿತ್ತು. ವಾಡಿ, ಚಿತ್ತಾಪುರ, ಸೇಡಂಗಳ ಮೂವರು ಮೆಕಾನಿಕ್ಕುಗಳು ಗಾಡಿಗಳ ಸಿಲಿಂಡರು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಈ ಅಂಗಡಿಗೆ ಕಳಿಸುತ್ತಿದ್ದರು. ಕೊರೆದದ್ದು ಸಂಜೆಯ ಬಸ್ಸಿಗೆ ವಾಪಸು. ಮೂರು ಊರಿನ ಇಂಜಿನ್ನುಗಳ ಒಳಮೈ ಆ ಒಂದು ಉಗುರಿಗೆ ಗೊತ್ತಿತ್ತು.

ನಾನು ವಿಜ್ಞಾನದ ಮಾಸ್ತರ. ರಾವೂರಿನ ಆಚೆಗಿನ ಒಂದು ಶಾಲೆಯಲ್ಲಿ ಘರ್ಷಣೆ, ಒತ್ತಡ, ದಹನ ಎಂದು ಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಹುಟ್ಟಿದ್ದು ಚಿತ್ತಾಪುರದ ಆಚಾರ್ಯರ ಮನೆತನದಲ್ಲಿ. ಮೂವತ್ತೆಂಟು ದಾಟಿದ ಮೇಲೆ, ಬೇರೆಯವರಿಗೆ ಸಕ್ಕರೆ ಕಾಯಿಲೆ ಹತ್ತುವ ವಯಸ್ಸಿನಲ್ಲಿ, ನನಗೆ ಡರ್ಟ್ ಬೈಕಿನ ಹುಚ್ಚು ಹತ್ತಿತು. ಚಿಕ್ಕ ಇಂಜಿನ್ನಿನ, ಎತ್ತರದ, ಜಿಂಕೆಯಂಥ ಕಾಲಿನ ಒಂದು ಗಾಡಿ ಕೊಂಡು ತಂದೆ. ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡು ಹೋಗಿ ಮೈತುಂಬ ಮಣ್ಣು ಹಚ್ಚಿಕೊಂಡು ಬರುವ ಮಗ ನಮ್ಮ ವಂಶದಲ್ಲಿ ಇವನೊಬ್ಬನೇ ಎಂದು ಅವ್ವ ಬಂದವರೆದುರು ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ ಬಿಡಿ. ಭಾನುವಾರ ರಾವೂರಿನ ಕಡೆಯ ಹಾಳು ಖಣಿಯಲ್ಲಿ, ಕಲ್ಲು ತೆಗೆದು ಬಿಟ್ಟ ಗುಂಡಿಗಳ ನಡುವೆ, ನಾಲ್ಕಾರು ಜನ ಸೇರಿ ಗಾಡಿ ಹಾರಿಸುತ್ತಿದ್ದೆವು. ಒಡಕು ಕಲ್ಲುಗಳನ್ನು ಸುರಿದೂ ಸುರಿದೂ ಅಲ್ಲೊಂದು ಗುಡ್ಡವೇ ಆಗಿದೆ. ಅದನ್ನು ತುದಿತನಕ ಏರಬೇಕೆಂಬುದು ನನ್ನ ಹಠ. ಅರ್ಧಕ್ಕೆ ಹೋಗುವಷ್ಟರಲ್ಲಿ ಗಾಡಿ ಕೆಮ್ಮಿ ನಿಲ್ಲುತ್ತಿತ್ತು.

ಕಂಪನಿಯಿಂದ ಬಂದ ಗಾಡಿಗೆ ಹೊರಗಿನ ಬಿಡಿಭಾಗ ಹಾಕಿ ಬಲ ತರಬೇಕು ಎಂದು ಮೊಬೈಲಿನ ವಿಡಿಯೋಗಳು ಹೇಳಿದವು. ಒಂದು ಉದ್ದ ಪಟ್ಟಿ ಬರೆದುಕೊಂಡು ಮಿಸ್ತ್ರಿಯ ಬಳಿ ಹೋದೆ. ಅವರು ಪಟ್ಟಿ ಓದಲೇ ಇಲ್ಲ, ಖಣಿಗೆ ಕರೆದುಕೊಂಡು ಹೋಗು ಎಂದರು. ನಾನು ಏರಿ ತೋರಿಸಿದೆ, ಎಂದಿನಂತೆ ಅರ್ಧಕ್ಕೆ ನಿಂತೆ. ಅರವತ್ತು ಹತ್ತಿರವಾಗಿದ್ದ ಮನುಷ್ಯ ಪೈಜಾಮ ಮೊಣಕಾಲತನಕ ಮಡಚಿ, ಸೀಟಿನ ಮೇಲೆ ಕೂಡದೆ, ಫುಟ್‌ರೆಸ್ಟಿನ ಮೇಲೆ ನಿಂತುಕೊಂಡು, ಎರಡನೆಯ ಗೇರಿನಲ್ಲಿ, ನಡೆಯುವವನ ವೇಗದಲ್ಲಿ ಮುಕ್ಕಾಲು ಗುಡ್ಡ ಏರಿ ಇಳಿದು ಬಂದರು. ಚಾವಿ ನನ್ನ ಕೈಗಿಟ್ಟು, “ಗಾಡಿ ಏರ್ತದ ಮಾಸ್ತರ್. ಕುಂತಾಂವ ಏರವಲ್ಲ” ಎಂದರು.

ಆದರೂ ಅವರು ಕೆಲಸ ಬೇಡ ಎನ್ನಲಿಲ್ಲ. ಅವರಿಗೊಂದು ಕ್ರಮವಿತ್ತು: ಒಂದು ಸಲಕ್ಕೆ ಒಂದೇ ಭಾಗ. ಅದನ್ನು ಹಾಕಿಸಿಕೊಂಡು ಒಂದು ವಾರ ಓಡಿಸಬೇಕು, ನಂತರ ಬಂದು ಮೈಯಲ್ಲಿ ಎಲ್ಲಿ ನೋವಾಯಿತು ಎಂದು ಹೇಳಬೇಕು. ಮುಂಗೈ ನೋವು ಎಂದಾಗ ಹ್ಯಾಂಡಲ್ಲನ್ನು ಎರಡು ಬೆರಳು ಎತ್ತರಿಸಿದರು. ಅಂಗೈ ಉರಿಯುತ್ತದೆ ಎಂದಾಗ ಮುಂದಿನ ಫೋರ್ಕಿನ ಸ್ಪ್ರಿಂಗ್ ಬದಲಿಸಿ ಮಂದದ ಎಣ್ಣೆ ಹಾಕಿದರು. ಸೊಂಟ ಹಿಡಿದುಕೊಂಡು ಹೋದ ದಿನ ಹಿಂದಿನ ಶಾಕ್‌ ಬದಲಾಯಿತು. ಹಿಂದಿನ ಚಕ್ರದ ಹಲ್ಲುಗಾಲಿಗೆ ಮೂರು ಹಲ್ಲು ಹೆಚ್ಚಾದವು, ಗಂಟು ಗಂಟಿನ ಟೈರು ಬಂತು. ಇಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ನಾನು ಆರ್ಡರ್ ಮಾಡಿ ತರಿಸಿದ ಹೊಳೆಹೊಳೆಯುವ ತಗಡನ್ನು ಬೆರಳಿನಿಂದ ಬಾಗಿಸಿ ತೋರಿಸಿ, ಪಕ್ಕಕ್ಕಿಟ್ಟು, ಹಳೆಯ ಕಬ್ಬಿಣದ ಹಾಳೆ ಬಡಿದು ತಾವೇ ಒಂದು ಮಾಡಿದರು. ಬಿಚ್ಚಿದ ಕಂಪನಿಯ ಭಾಗಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಸುತ್ತಿ ನನಗೆ ಕೊಡುತ್ತಿದ್ದರು. ಬಿಸಾಡಬೇಡಿ, ಕಂಪನಿಯವನು ಹುಚ್ಚನಲ್ಲ, ಅವನು ಯಾಕೆ ಹೀಗೆ ಇಟ್ಟಿದ್ದಾನೆ ಎನ್ನುವುದು ತಿಳಿಯದೆ ಅವನದನ್ನು ತೆಗೆಯಬಾರದು ಎನ್ನುತ್ತಿದ್ದರು. ನನ್ನ ಮೈಯನ್ನು ಗೇಜು ಮಾಡಿಕೊಂಡು ಒಂದು ವರ್ಷದಲ್ಲಿ ಆ ಗಾಡಿಯನ್ನು ಅವರು ನನ್ನ ಅಳತೆಗೆ ಹೊಲಿದುಕೊಟ್ಟರು. ನಾನು ಬಿ.ಎಡ್.ನಲ್ಲಿ ಕಲಿಯದ ಪಾಠ ಅದು.

ಅವರ ಇನ್ನೊಂದು ಅಭ್ಯಾಸವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಮ್ಮಿಂದ ತಪ್ಪಾದರೆ ಫೋನಿನಲ್ಲಿ ಹೇಳುತ್ತಿರಲಿಲ್ಲ, ಹೋಗಿ ಹೇಳುತ್ತಿದ್ದರು. ಒಮ್ಮೆ ಹಾಲು ಮಾರುವವನ ಗಾಡಿಯ ಬೋಲ್ಟೊಂದನ್ನು ಹೆಚ್ಚು ಬಿಗಿದೆನೆಂದು ಅವರಿಗೇ ಸಂಶಯ ಬಂತು. ಬೆಳಿಗ್ಗೆ ಪಾನಾ ಹಿಡಿದುಕೊಂಡು ಅವನ ಮನೆಗೇ ನಡೆದು, ಎಮ್ಮೆ ಕರೆಯುತ್ತಿದ್ದವನ ಮುಂದೆ ನಿಂತು, ನನ್ನದು ತಪ್ಪಾಗಿದೆ ಎಂದು ಹೇಳಿ ಸಡಿಲಿಸಿ ಬಂದರು. ಅವನಿಗೆ ಗೊತ್ತೇ ಇರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಇಂಥವರ ಜೊತೆ ಒಡನಾಡುವಾಗ ಮನುಷ್ಯ ಸ್ವಲ್ಪ ಹೆದರಿಕೊಂಡಿರುವುದು ಒಳ್ಳೆಯದು. ನಾನು ಹೆದರಲಿಲ್ಲ.

ಗುಡ್ಡದ ತುದಿ ಇನ್ನೂ ಎರಡಾಳು ಎತ್ತರ ಬಾಕಿಯಿತ್ತು. ಕಾಡಿ ಬೇಡಿ ಕೊನೆಗೆ ಇಂಜಿನ್ನಿಗೂ ಕೈ ಹಾಕಿಸಿದೆ. ಕಂಪನಿಯ ಪಿಸ್ಟನ್ ತೆಗೆದು ತುಸು ದೊಡ್ಡದನ್ನು ಹಾಕುವುದು, ಅದಕ್ಕೆ ತಕ್ಕಂತೆ ಸಿಲಿಂಡರು ಕೊರೆಯುವುದು. ಮಿಸ್ತ್ರಿ ಎರಡು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಅದನ್ನು ಮಾಡಿದರು. ಉಗುರು ಸುತ್ತು ಬಂತು. ಆ ಭಾನುವಾರ ಗಾಡಿ ತುದಿಗೆ ಒಂದಾಳು ಕೆಳಗೆ ನಿಂತಿತು.

ಇನ್ನು ಒಂದೇ ಒಂದು ಉಳಿದಿತ್ತು ನನ್ನ ಪಟ್ಟಿಯಲ್ಲಿ. ಗಾಳಿ ಸೋಸುವ ಕಂಪನಿಯ ಡಬ್ಬಿಯನ್ನು ಕಿತ್ತು, ಆ ಜಾಗದಲ್ಲಿ ಬಯಲಿಗೆ ತೆರೆದಿರುವ ಗೋಪುರದಾಕಾರದ ಫಿಲ್ಟರ್ ಹಾಕಿದರೆ ಇಂಜಿನ್ನು ಧಾರಾಳ ಉಸಿರಾಡುತ್ತದೆ, ಬಲ ಹೆಚ್ಚುತ್ತದೆ. ವಿಡಿಯೋದಲ್ಲಿ ಎಲ್ಲರೂ ಹಾಕಿಕೊಂಡಿದ್ದರು. ಮಿಸ್ತ್ರಿ ಒಪ್ಪಲಿಲ್ಲ.

“ಅವರ ಊರಾಗ ಗಾಳಿ ಗಾಳಿ ಅದ. ನಮ್ಮ ಊರಾಗ ಗಾಳಿ ಅಂದ್ರ ಅರ್ಧ ಪರ್ಸಿ. ಇದು ಬ್ಯಾಡ್ರಿ.”

ಹಾಕಿಕೊಂಡವರ ಊರಿನಲ್ಲೂ ಧೂಳು ಇರುತ್ತದೆ ಎಂದು ನಾನು ವಾದಿಸಿದೆ. ಅವರು ಮಾತು ಬೆಳೆಸದೆ ಚಹಾ ತರಿಸಿದರು. ಮಾಸ್ತರರ ಜಾತಿಯೇ ಹೀಗೆ. ವಾದದಲ್ಲಿ ಎದುರಿನವರು ಸುಮ್ಮನಾದರೆ ನಾವು ಗೆದ್ದೆವೆಂದೇ ತಿಳಿಯುತ್ತೇವೆ. ಆ ಫಿಲ್ಟರನ್ನು ತರಿಸಿ, ಭಾನುವಾರ ಬೆಳಿಗ್ಗೆ ಹಾಕಿಕೊಂಡು ಖಣಿಗೆ ಹೋಗುವುದು, ಮಿಸ್ತ್ರಿಯ ಬಳಿ ಹೋಗುವ ಮುನ್ನ ಕಂಪನಿಯ ಡಬ್ಬಿಯನ್ನು ಮತ್ತೆ ಕೂರಿಸುವುದು, ಹೀಗೆ ಐದಾರು ವಾರ ನಡೆಸಿದೆ. ಮೂರನೆಯ ಭಾನುವಾರ ಗುಡ್ಡದ ತುದಿ ಮುಟ್ಟಿದೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಭಾಳ ಖುಷಿಯಾಗಿತ್ತು.

ಆರನೆಯ ವಾರ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಕಿಕ್ ಹೊಡೆದರೆ ಕಾಲಿಗೆ ಎದುರುಬಲವೇ ಸಿಗಲಿಲ್ಲ. ಮನೆಗೆ ತಳ್ಳಿಕೊಂಡು ಬಂದು, ಹೊಸ ಫಿಲ್ಟರ್ ಕಿತ್ತು, ಗಾಳಿ ಹೋಗುವ ದಾರಿಯನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು ಒರೆಸಿ, ಕಂಪನಿಯ ಡಬ್ಬಿ ಕೂರಿಸಿ, ಏನೂ ಅರಿಯದವನಂತೆ ಮಿಸ್ತ್ರಿಯ ಅಂಗಡಿಗೆ ಒಯ್ದೆ.

ಅವರು ಮೊದಲು ಮಾಡಿದ್ದೇ ಫಿಲ್ಟರಿನ ಡಬ್ಬಿ ತೆರೆದು ನೋಡಿದ್ದು. ಸ್ವಚ್ಛವಾಗಿತ್ತು. ಗಾಳಿಯ ದಾರಿಯಲ್ಲಿ ಬೆರಳು ಹಾಕಿ ನೋಡಿದರು. ಸ್ವಚ್ಛವಾಗಿತ್ತು. ಆಮೇಲೆ ಇಂಜಿನ್ನಿನ ತಲೆ ಬಿಚ್ಚಿ, ಸಿಲಿಂಡರನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಉಗುರು ಆಡಿಸಿದರು. ಒಂದು ಸುತ್ತಿನಲ್ಲಿ ಅದು ಎಷ್ಟು ಕಡೆ ತಡೆಯಿತೋ. ಟಿಕ್ ಟಿಕ್ ಎಂಬ ಸದ್ದು ನನಗೂ ಕೇಳಿಸಿತು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ ಅವರು.

ಹೊರಗಿನ ಧೂಳು ಒಳಗೆ ಹೋಗಿಲ್ಲವೆಂದ ಮೇಲೆ ಕಾರಣ ಒಂದೇ ಉಳಿಯಿತು. ಕೊರೆದಾಗ ಉಳಿದ ಸಾಣೆಕಲ್ಲಿನ ಪುಡಿಯನ್ನು ತೊಳೆಯುವಾಗ ತಾವೇ ಎಲ್ಲೋ ಬಿಟ್ಟಿದ್ದೇವೆ, ಅದೇ ಒಳಗೆ ಗೀರಿದೆ ಎಂದು ಅವರು ಲೆಕ್ಕ ಹಾಕಿದರು. ನನಗೆ ಹೇಳುವುದಕ್ಕಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುವಂತೆ ಅಂದರು: “ನಂದೇ ತಪ್ಪದ. ತೊಳಿಯೋದ್ರಾಗ ಕೈ ತಪ್ಯಾದ.”

ನಾನು ಆ ಪರ್ಸಿಯ ಮೇಲೆ ಕುಳಿತೇ ಇದ್ದೆ. ಬಾಯಿ ತೆರೆಯಲು ಇದ್ದ ಹೊತ್ತು ಅದು. ತೆರೆಯಲಿಲ್ಲ.

ಗಾಡಿಗೆ ಕಂಪನಿಯದೇ ಹೊಸ ಸಿಲಿಂಡರು, ಹೊಸ ಪಿಸ್ಟನ್ ತರಿಸಿ ಕೂರಿಸಿಕೊಟ್ಟರು. ಹದಿನೈದು ದಿನ ಬಿಟ್ಟು ಹೋದಾಗ ಅವರು ಒಂದು ಸೈಕಲ್ಲಿನ ಪಂಕ್ಚರ್ ತೆಗೆಯುತ್ತಿದ್ದರು. ಸಿಲಿಂಡರು ಕೊರೆಯುವ ಯಂತ್ರಕ್ಕೆ ಗೋಣಿತಟ್ಟು ಹೊದಿಸಿತ್ತು. ಏನಿದು ಎಂದರೆ, ಕೈ ತಪ್ಪುತ್ತಿದೆ, ವಯಸ್ಸಾಯಿತು, ಅದನ್ನು ನಿಲ್ಲಿಸಿಬಿಟ್ಟೆ ಎಂದು ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. ಬಸ್ಸು ಹತ್ತಿ ವಾಡಿಗೆ, ಚಿತ್ತಾಪುರಕ್ಕೆ, ಸೇಡಂಗೆ ಹೋಗಿ ಮೂವರು ಮೆಕಾನಿಕ್ಕುಗಳಿಗೂ ಇನ್ನು ಸಿಲಿಂಡರು ಕಳಿಸಬೇಡಿ ಎಂದು ತಿಳಿಸಿ ಬಂದಿದ್ದರು. ಕೊನೆಗೆ ಚಿಂಚೋಳಿಗೂ ಹೋಗಿದ್ದರು. ಅಲ್ಲಿ ಅವರ ಉಸ್ತಾದರಿದ್ದರು. ಇವರು ಹುಡುಗರಾಗಿದ್ದಾಗ ಪಾನಾ ಹಿಡಿಯಲು ಕಲಿಸಿದ ಗುರು, ಈಗ ಎಂಬತ್ತು ದಾಟಿದವರು. ನಡೆದದ್ದನ್ನು ಕೇಳಿ ಅವರು, ತಪ್ಪುವ ಕೈ ಇಂಜಿನ್ನಿನೊಳಗೆ ಹೋಗಬಾರದು, ಆ ಕೆಲಸ ಕೆಳಗಿಡು ಅಂದರಂತೆ. ಇವರು ಇಟ್ಟರು.

ಎರಡು ತಿಂಗಳು ನಾನು ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟೆ. ಶಾಲೆಯಲ್ಲಿ ಮಕ್ಕಳು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ಒಂದು ದಿನ ಶಾಲೆ ಮುಗಿಸಿ, ಆ ಗೋಪುರದ ಫಿಲ್ಟರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದಿಟ್ಟೆ. ಎಷ್ಟು ವಾರ ಹಾಕಿದ್ದೆ, ಹೇಗೆ ತೊಳೆದೆ, ಎಲ್ಲ ಹೇಳಿದೆ. ಅವರು ಅದನ್ನು ತಿರುಗಿಸಿ ನೋಡಿ ಅಂಗೈಗೆ ಬಡಿದರು. ಬಿಳಿ ಪುಡಿ ಉದುರಿತು. ಬೈಗುಳಕ್ಕೆ ಕಾದು ನಿಂತಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಹೆಸರು ಕೆಡ್ತು ಅಂತಲ್ರಿ ಮಾಸ್ತರ್,” ಎಂದರು. “ಎರಡು ತಿಂಗಳು ನಾ ನನ್ನ ಕೈ ನಂಬಿಲ್ಲ. ಚಾ ಕುಡಿಯಾಗ ಸುದ್ದಾ ಕಪ್ ಹಿಡಿದ ಕೈ ನೋಡ್ಕೋತ ಕುಂದುರ್ತಿದ್ದೆ.”

ಕ್ಷಮಿಸಿ ಎಂದೆ. ಅದಕ್ಕೆ ಅವರು, ಕ್ಷಮೆ ನನ್ನೊಬ್ಬನ ಬಳಿ ಕೇಳಿದರೆ ಆಗದು, ನಾನು ನಾಲ್ಕು ಊರಿಗೆ ಹೋಗಿ ಹೇಳಿದ್ದೇನೆ, ನೀವೂ ನಾಲ್ಕು ಊರಿಗೆ ಹೋಗಿ ಹೇಳಿ ಬನ್ನಿ ಎಂದರು. ಫೋನ್ ಮಾಡಲೇ ಎಂದದ್ದಕ್ಕೆ ತಲೆ ಅಲ್ಲಾಡಿಸಿದರು. ನೀವೇ ಹೇಳಿದರೆ ನಂಬುವುದಿಲ್ಲವೇ ಎಂದೆ. “ನನ್ನ ಕೈ ಚಲೋ ಅದ ಅಂತ ನಾನೇ ಸಾರಿಕೋತ ತಿರಗಲೇನು?” ಎಂದು ಕೇಳಿದರು.

ವಾಡಿಗೆ ಮರುದಿನವೇ ಹೋದೆ. ಅಲ್ಲಿಯ ಮೆಕಾನಿಕ್ಕು ಒಳ್ಳೆಯವನು, ನಕ್ಕು ಚಹಾ ಕುಡಿಸಿ ಕಳಿಸಿದ. ಚಿತ್ತಾಪುರ ಕಠಿಣವಾಗಿತ್ತು, ಅಲ್ಲಿಯವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ನಕಲು ಮಾಡಿದ್ದಕ್ಕೆ ನಾನು ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಎಲ್ಲ ಕೇಳಿ ಅವನು ಒಳಗಿನಿಂದ ಕುರ್ಚಿ ತಂದು ನೆರಳಿಗೆ ಹಾಕಿ, ಕುಂದ್ರಿ ಸರ್ ಎಂದ. ಅವನು ಸೇಡು ತೀರಿಸಿಕೊಂಡನೋ ಮರ್ಯಾದೆ ಕೊಟ್ಟನೋ ಇವತ್ತಿಗೂ ಗೊತ್ತಾಗಿಲ್ಲ. ಸೇಡಂನವನು ಕೆಲಸದಿಂದ ತಲೆ ಎತ್ತದೆ ಒಂದು ತಾಸು ಕಾಯಿಸಿದ. ಕೊನೆಗೆ, ಮಿಸ್ತ್ರಿ ಬಂದು ಹೇಳಿದ ದಿನ ಇದೇ ಜಾಗದಲ್ಲಿ ನಿಂತು ಕಣ್ಣು ಒರೆಸಿಕೊಂಡರು ಎಂದಷ್ಟೇ ಹೇಳಿದ. ಮರಳುವಾಗ ಅರ್ಧ ದಾರಿತನಕ ನನಗೆ ರಸ್ತೆ ಸರಿಯಾಗಿ ಕಾಣಲಿಲ್ಲ.

ಮೂರು ಊರಿನಿಂದಲೂ ಮತ್ತೆ ಗೋಣಿಚೀಲಗಳು ಬರತೊಡಗಿದವು. ಮಿಸ್ತ್ರಿ ಅವನ್ನು ಬಿಚ್ಚದೆ ಸಂಜೆಯ ಬಸ್ಸಿಗೆ ವಾಪಸು ಕಳಿಸುತ್ತಿದ್ದರು. ಯಾಕೆಂದು ಕೇಳಿದರೆ, ಕೆಳಗಿಡು ಅಂದವರು ಉಸ್ತಾದರು, ಎತ್ತು ಎಂದು ಅವರೇ ಹೇಳಬೇಕು ಎಂದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ಇನ್ನೇನು ಒಂದು ಊರು, ಮಾಸ್ತರ ಹೋಗಿ ಬರುತ್ತಾರೆ, ಯಂತ್ರದ ಗೋಣಿತಟ್ಟು ತೆಗೆಯುತ್ತೇನೆ ಎಂಬ ನೆಮ್ಮದಿಯಲ್ಲಿದ್ದರು. ಆ ಯಂತ್ರಕ್ಕೆ ಎಣ್ಣೆ ಕೂಡ ಬಿಟ್ಟಿದ್ದರು.

ನಾನು ಹೋಗಲಿಲ್ಲ. ಮೊದಲು ಮಳೆ ಎಂದೆ. ಆಮೇಲೆ ಪರೀಕ್ಷೆಯ ಕೆಲಸ ಎಂದೆ. ಒಂದು ಭಾನುವಾರ ಹೊರಟು ಸೇಡಂತನಕ ಹೋಗಿ, ಮೋಡ ನೋಡಿ ತಿರುಗಿ ಬಂದೆ. ಮೋಡದಲ್ಲಿ ಮಳೆ ಇರಲಿಲ್ಲ. ಮೂವರು ಮೆಕಾನಿಕ್ಕುಗಳ ಮುಂದೆ ತಲೆ ತಗ್ಗಿಸುವುದು ಬೇರೆ, ನನ್ನ ಸುಳ್ಳನ್ನು ನಂಬಿ ತಮ್ಮ ಶಿಷ್ಯನ ಕೆಲಸ ಬಿಡಿಸಿದ ಮುದುಕರ ಮುಂದೆ ನಿಲ್ಲುವುದು ಬೇರೆ. ಹೆದರಿದೆ, ಅಷ್ಟೇ. ಮಿಸ್ತ್ರಿ ಎರಡು ಸಲ, ಚಿಂಚೋಳಿ ಆಯ್ತೇನ್ರಿ ಎಂದು ಕೇಳಿದರು. ಮುಂದಿನ ವಾರ ಎಂದೆ. ಮೂರನೆಯ ಸಲ ಕೇಳಲಿಲ್ಲ. ನಾನು ಹೋದರೆ ಮೊದಲಿನಂತೆಯೇ ಚಹಾ ತರಿಸುತ್ತಿದ್ದರು, ಸೊಂಟ ಹೇಗಿದೆ ಎಂದು ವಿಚಾರಿಸುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ಸೇಡಂನವನ ಫೋನ್ ಬಂತು. ಮಿಸ್ತ್ರಿ ಅಂಗಡಿಯ ಬಾಗಿಲು ತೆರೆದು, ಎದೆ ಹಿಡಿದುಕೊಂಡು ಆ ಪರ್ಸಿಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲವಂತೆ.

ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ನಾವು ಬೇರೆ ಮತದವರು ಒಂದಿಪ್ಪತ್ತು ಜನ ಕಬರಸ್ತಾನದ ಗೋಡೆಯ ಬದಿಗೆ ಚಪ್ಪಲಿ ಬಿಟ್ಟು ನಿಂತಿದ್ದೆವು. ಶವವನ್ನು ಮುಂದಿಟ್ಟು ಜನಾಜಾದ ಪ್ರಾರ್ಥನೆಗೆ ಸಾಲು ನಿಂತಾಗ ಅವರಲ್ಲೊಂದು ಪದ್ಧತಿ ಇದೆ. ಹಿರಿಯ ಮಗ ಮುಂದೆ ಬಂದು, ನಮ್ಮ ತಂದೆಯಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ, ಅವರ ಮೇಲೆ ಯಾರದಾದರೂ ಬಾಕಿ ಉಳಿದಿದ್ದರೆ ನಮಗೆ ಹೇಳಿ, ನಾವು ತೀರಿಸುತ್ತೇವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವರ ಬಾಕಿ ನಮ್ಮ ಮೇಲೆ ಏನಿದೆ ಎಂದು ಕೇಳುವ ಪದ್ಧತಿ ಯಾವ ಮತದಲ್ಲೂ ಇಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಮೊದಲು ಮುಂದೆ ಬಂದು ಹೇಳಬೇಕಾದವನು ನಾನು.

ಪ್ರಾರ್ಥನೆ ಮುಗಿದು ಮಣ್ಣು ಹಾಕಿ ಜನ ಚದುರುವಾಗ ಸೇಡಂನವನು ನನ್ನ ಮೊಣಕೈ ಮುಟ್ಟಿ, ಬೇವಿನ ಕೆಳಗೆ ಕೋಲು ಹಿಡಿದು ಕುಳಿತಿದ್ದ ಮುದುಕರನ್ನು ತೋರಿಸಿದ. ಬಿಳಿ ಗಡ್ಡ, ದಪ್ಪ ಕನ್ನಡಕ, ಬಗ್ಗಿದ ಬೆನ್ನು. ಜೀಪಿನಲ್ಲಿ ಕರೆತಂದಿದ್ದರಂತೆ. ನಾನು ಹೋಗಲಾರದ ನಾಲ್ಕನೆಯ ಊರು ತಾನೇ ಎದ್ದು ಬಂದಿತ್ತು.

ಹೋಗಿ ಅವರ ಮುಂದೆ ನೆಲದ ಮೇಲೆ ಕುಳಿತೆ. ನಾನು ಯಾರು ಎಂದು ಹೇಳಿದೆ, ಫಿಲ್ಟರಿನ ವಿಷಯ ಹೇಳಿದೆ, ಮಿಸ್ತ್ರಿಯ ಕೈ ತಪ್ಪಿರಲಿಲ್ಲ ಎಂದೆ. ನಿಮಗೆ ಹೇಳಲು ನನ್ನನ್ನು ಆಗಲೇ ಕಳಿಸಿದ್ದರು, ನಾನು ಬರಲಿಲ್ಲ ಎಂಬುದನ್ನೂ ಹೇಳಿದೆ. ಅವರು ಕೋಲಿನ ಮೇಲೆ ಗದ್ದವಿಟ್ಟು ಪೂರ್ತಿ ಕೇಳಿದರು. ಕೋಪ ಮಾಡಿಕೊಳ್ಳಲಿಲ್ಲ. ಮೆಕಾನಿಕ್ಕು ಮೆಕಾನಿಕ್ಕನ್ನು ಕೇಳುವಂತೆ ಕೇಳಿದರು:

“ಸಿಲಿಂಡರ್ ಬಿಚ್ಚಾಕಿಂತ ಮೊದಲ ಅವ ಫಿಲ್ಟರ್ ನೋಡಿದ್ನೇನು?”

“ಅದನ್ನೇ ಮೊದಲು ನೋಡಿದ್ರು. ಸ್ವಚ್ಛ ಇತ್ತು. ನಾನು ಬದಲು ಮಾಡಿ ತಂದಿದ್ದೆ.”

“ಗಾಳಿ ದಾರ್ಯಾಗ ಬಟ್ಟು ಹಾಕಿ ನೋಡಿದ್ನೇನು?”

“ನೋಡಿದ್ರು. ಅದನ್ನೂ ನಾನೇ ತೊಳೆದಿದ್ದೆ.”

ಅವರ ಮುಖ ಅರಳಿತು. ನಿಜವಾಗಿಯೂ ಅರಳಿತು. ಶಿಷ್ಯ ಪರೀಕ್ಷೆ ಪಾಸಾದನೆಂದು ತಡವಾಗಿ ಸುದ್ದಿ ಬಂದ ಗುರುವಿನ ಮುಖ ಅದು.

“ಹಂಗಾದ್ರ ಅವ ಸರೀ ನೋಡ್ಯಾನ. ಅವನ ಜಾಗಾದಾಗ ನಾ ಇದ್ರೂ ನನ್ನ ಕೈ ತಪ್ತು ಅಂತ್ಲೇ ಅಂತಿದ್ದೆ. ಕೈ ತಪ್ಪಿಲ್ಲ, ಕಣ್ಣು ಸುದ್ದಾ ತಪ್ಪಿಲ್ಲ ಅವಂದು.”

ಹಾಗೆ ಹೇಳುತ್ತಲೇ ಅವರು, ಪಕ್ಕದಲ್ಲಿ ನಿಂತವನನ್ನು ಕರೆದು ಹೇಳುವವರಂತೆ, ಹೊಸ ಮಣ್ಣಿನ ಕಡೆಗೆ ತಿರುಗಿದರು. ತಿರುಗಿದ ಮೇಲೆ ಅವರಿಗೆ ನೆನಪಾಯಿತು. ಕನ್ನಡಕ ತೆಗೆದು ನನ್ನನ್ನು ನೋಡಿದರು.

“ನೀವು ನನಗ ಹೇಳಿದ್ರಿ ಮಾಸ್ತರ್,” ಎಂದರು. “ಈಗ ನಾ ಯಾರಿಗಿ ಹೇಳ್ಲಿ?”